‘ನಂದೇನಿದೆ ಹೇಳೋಕೆ’ ಅನ್ನುವವರ ತರಗತಿ

ಹಿರಿಯರಿಂದ ಬದುಕಿನ ಕಥೆ ಹೇಳಿಸಿ ಚಿಕ್ಕ ಪುಸ್ತಕ ಮಾಡುವ ತರಗತಿ ಕೆಡುವುದು ಹೆಚ್ಚಾಗಿ ಮೊದಲ ಪ್ರಶ್ನೆಯಲ್ಲೇ. ‘ಅಜ್ಜಿ, ನೀವು ಹುಟ್ಟಿದ್ದು ಯಾವಾಗ?’ ಅಂದರೆ ಸೀರೆಯ ಸೆರಗಿನಿಂದ ಆಧಾರ್ ಕಾರ್ಡ್ ಹೊರಬರುತ್ತದೆ. ಅದರಲ್ಲಿ ಜನವರಿ 1 ಅಂತಿದ್ದರೆ, ಬಹುಪಾಲು ಅದು ದಾಖಲೆ ಇಲ್ಲದವರಿಗೆ ಅಂದಾಜು ವಯಸ್ಸಿನ ಮೇಲೆ ಬಿದ್ದ ತಾರೀಖು. ಮಾತು ಅಲ್ಲಿಗೇ ನಿಂತಿತು. ‘ನಿಮ್ಮ ಜೀವನದ ಬಗ್ಗೆ ಹೇಳಿ’ ಅನ್ನುವುದು ಇನ್ನೂ ಕೆಟ್ಟದ್ದು. ಅದಕ್ಕೆ ಸಿಗುವ ಉತ್ತರ ಒಂದೇ: ‘ನಂದೇನಿದೆ ಹೇಳೋಕೆ!’

ಹಳ್ಳಿಯಲ್ಲಾದರೆ ಸಂಕ್ರಾಂತಿ ಕಳೆದು ಯುಗಾದಿಯೊಳಗೆ ಆರು ವಾರ ಇಟ್ಟುಕೊಳ್ಳಿ. ಬಿತ್ತನೆಯ ಕಾಲದಲ್ಲಿ ಯಾರೂ ಬರುವುದಿಲ್ಲ. ಮಧ್ಯಾಹ್ನ ಮೂರರಿಂದ ನಾಲ್ಕೂವರೆ. ಸಂಜೆ ಡೈರಿಗೆ ಹಾಲು ಹಾಕುವ ಹೊತ್ತಿಗೆ ಎಲ್ಲರೂ ಏಳಲೇಬೇಕು. ಹತ್ತು ಜನ ಸಾಕು, ಹನ್ನೆರಡು ದಾಟಿದರೆ ಅದು ಸಭೆಯಾಗುತ್ತದೆ. ಪಂಚಾಯ್ತಿ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರ, ಇದಕ್ಕೆ ಒಳ್ಳೆಯ ಜಾಗ. ಓದು ಬಾರದವರೊಬ್ಬರಿಗೆ ಪಿಯುಸಿ ಓದುವ ಹುಡುಗನನ್ನೋ ಹುಡುಗಿಯನ್ನೋ ಜೊತೆ ಮಾಡಿ. ಮೊಮ್ಮಗುವೇ ಜೊತೆಗಾರನಾಗುವುದು ಬೇಡ. ಮೊಮ್ಮಗುವಿನ ಎದುರು ಅಜ್ಜ ಬುದ್ಧಿ ಹೇಳುತ್ತಾನೆಯೇ ಹೊರತು ಕಥೆ ಹೇಳುವುದಿಲ್ಲ.

ಮೊದಲ ದಿನ ಪೆನ್ನು ಬರವಣಿಗೆಗಲ್ಲ, ಚಿತ್ರಕ್ಕೆ. ಚಿಕ್ಕಂದಿನ ಮನೆಯ ನಕ್ಷೆ ಬರೆಸಿ: ಜಗಲಿ, ನಡುಮನೆ, ಕೊಟ್ಟಿಗೆ, ಬಚ್ಚಲ ಹಂಡೆ, ಹಿತ್ತಲು. ಪೆನ್ನು ಹಿಡಿಯಲು ಸಂಕೋಚವಾದರೆ ನೆಲದ ಮೇಲೆ ಸೀಮೆಸುಣ್ಣ. ರಂಗೋಲಿ ಎಳೆದ ಕೈಗೆ ಅದೇನೂ ಹೊಸದಲ್ಲ. ಹೆಂಗಸರಿಗೆ ಕೇಳುವಾಗ ತವರಿನದೋ ಗಂಡನ ಮನೆಯದೋ ಅಂತ ಖಚಿತವಾಗಿ ಹೇಳಬೇಕು, ಇಲ್ಲದಿದ್ದರೆ ಎರಡೂ ಬೆರೆತುಹೋಗುತ್ತವೆ. ಆಮೇಲೆ ನಕ್ಷೆಯ ಮೇಲೆ ಬೆರಳಿಟ್ಟು ಕೇಳಿ: ‘ಇಲ್ಲಿ ಯಾರು ಮಲಗ್ತಿದ್ದರು? ಬೀಸೋ ಕಲ್ಲು ಎಲ್ಲಿತ್ತು?’ ಕಲ್ಲಿನ ಜಾಗ ಸಿಕ್ಕರೆ ಬೀಸುವಾಗ ಹಾಡುವ ಪದ ಸಿಗುತ್ತದೆ, ಪದದ ಹಿಂದೆ ಅದನ್ನು ಹೇಳಿಕೊಟ್ಟವಳು ಬರುತ್ತಾಳೆ.

‘ತುಂಬಾ ಕಷ್ಟ ಇತ್ತಾ?’ ಅಂತ ಮಾತ್ರ ಕೇಳಬೇಡಿ. ‘ಹೂಂ’ ಅನ್ನುತ್ತಾರೆ, ಮುಗಿಯಿತು. ‘ಅವತ್ತು ಏನು ಅಡುಗೆ?’ ಅಂತ ಕೇಳಿದರೆ ಕಷ್ಟ ತಾನಾಗಿಯೇ ಬಾಯಿಗೆ ಬರುತ್ತದೆ. ಮಾತು ನಿಂತಾಗ ಮನಸ್ಸಿನಲ್ಲೇ ಹತ್ತು ಎಣಿಸಿ. ಹೊಸಬರು ಮೂರಕ್ಕೇ ಬಾಯಿ ಹಾಕುತ್ತಾರೆ.

ಇಸವಿ ಹುಡುಕುವುದು ಮೂರನೇ ವಾರದ ಕೆಲಸ. ಗೋಡೆಗೆ ಉದ್ದನೆಯ ಕಾಗದ ಅಂಟಿಸಿ ಗೊತ್ತಿರುವ ಗೂಟಗಳನ್ನು ನೆಡಿ: 1956ರ ಏಕೀಕರಣ, 1962ರ ಚೀನಾ ಯುದ್ಧ, 1973ರಲ್ಲಿ ಕರ್ನಾಟಕ ಅನ್ನುವ ಹೆಸರು, 1975ರ ತುರ್ತು ಪರಿಸ್ಥಿತಿ. ಶರಾವತಿ ಕಡೆಯಾದರೆ ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆ, ನರಗುಂದದ ಕಡೆ 1980ರ ರೈತರ ಬಂಡಾಯ. ‘ಮದುವೆ ಇದಕ್ಕೆ ಮುಂಚೆಯೋ ಆಮೇಲೋ?’ ಅಂದರೆ ಸಾಕು. ಹಳೆಯ ಜಾತಕದಲ್ಲಿ ಸಂವತ್ಸರದ ಹೆಸರಿದ್ದರೆ ಅರವತ್ತು ವರ್ಷದ ಚಕ್ರ ನೆನಪಿಡಿ: 2020ರ ಯುಗಾದಿಗೆ ಶುರುವಾದದ್ದು ಶಾರ್ವರಿ, ಹಿಂದಿನ ಶಾರ್ವರಿ 1960ರದ್ದು. ಯುಗಾದಿಗೆ ಮುಂಚಿನ ಪುಷ್ಯ, ಮಾಘ, ಫಾಲ್ಗುಣದಲ್ಲಿ ಹುಟ್ಟಿದವರಿಗೆ ಆ ಇಸವಿಗೆ ಒಂದು ವರ್ಷ ಕೂಡಿಸಬೇಕಾಗಬಹುದು. ಇಲ್ಲೇ ಲೆಕ್ಕ ತಪ್ಪುವುದು. ಇನ್ನೊಂದು ಮೋಸ ಆಣೆಯದು. ನಯಾಪೈಸೆ ಬಂದದ್ದು 1957ರಲ್ಲಿ, ಆದರೆ 25 ಪೈಸೆಗೆ ಜನ ಆಮೇಲೂ ನಾಲ್ಕಾಣೆ ಅಂದರು. ಹಾಗಾಗಿ ‘ನಾಲ್ಕಾಣೆ ಕೂಲಿ’ ಅಂದಮಾತ್ರಕ್ಕೆ 1957ಕ್ಕಿಂತ ಹಿಂದಿನದು ಅಂದುಕೊಳ್ಳಬೇಡಿ.

ರೆಕಾರ್ಡಿಂಗಿಗೆ ಮೊಬೈಲ್ ಸಾಕು. ಏರೋಪ್ಲೇನ್ ಮೋಡ್‌ಗೆ ಹಾಕಿ, ಮಡಿಸಿದ ಟವೆಲಿನ ಮೇಲೆ, ಬಾಯಿಂದ ಒಂದು ಒಂದೂವರೆ ಗೇಣು ದೂರ ಇಡಿ. ಬರೀ ಮೇಜಿನ ಮೇಲಿಟ್ಟರೆ ಬಳೆ ತಾಗಿದ್ದೂ ಗುಡುಗಿನಂತೆ ಕೇಳುತ್ತದೆ. ಫ್ಯಾನ್ ನಿಲ್ಲಿಸಿ, ಸೆಕೆಗೆ ಬೀಸಣಿಗೆ ಕೊಡಿ. ಒಂದು ಸಲಕ್ಕೆ ಹತ್ತೇ ನಿಮಿಷ ಹಿಡಿಯಿರಿ, ಯಾಕೆಂದರೆ ಹತ್ತು ನಿಮಿಷದ ಮಾತನ್ನು ಕೇಳಿ ಬರೆಯಲು ಸುಮಾರು ಒಂದು ಗಂಟೆ ಬೇಕು. ಮೊಬೈಲಿನ ಧ್ವನಿ ಟೈಪಿಂಗ್ ಊರ ಮಾತನ್ನು ಪುಸ್ತಕದ ಕನ್ನಡಕ್ಕೆ ಎಳೆಯುತ್ತದೆ, ಓದಿದ ಹುಡುಗರೂ ಅದನ್ನೇ ಮಾಡುತ್ತಾರೆ. ‘ಹೋಗಾಕಿದ್ವಿ’ ಅಂದದ್ದು ‘ಹೋಗುವವರಿದ್ದೆವು’ ಆಗಬಾರದು. ಟೈಪ್ ಮಾಡುವುದು ಯೂನಿಕೋಡಿನಲ್ಲೇ ಇರಲಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನ ಕಡತ ಬೇರೆ ಕಂಪ್ಯೂಟರಿನಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣಬಹುದು.

ಅಚ್ಚಿಗೆ ಮುಂಚೆ ಬರೆದದ್ದನ್ನು ಹೇಳಿದವರಿಗೇ ಗಟ್ಟಿಯಾಗಿ ಓದಿ ಹೇಳಬೇಕು. ದಾಯಾದಿಗಳ ಜಮೀನು ವ್ಯಾಜ್ಯ, ಓಡಿಹೋದ ತಂಗಿ, ಜಾತಿಯ ಮಾತು — ‘ಇದು ಬ್ಯಾಡ’ ಅಂದರೆ ತೆಗೆಯುವುದು, ಚೌಕಾಸಿ ಇಲ್ಲ.

ಪುಸ್ತಕಕ್ಕೆ ನಾಲ್ಕು ಎ4 ಹಾಳೆ ನಡುವೆ ಮಡಿಸಿದರೆ ಹದಿನಾರು ಪುಟ. ಹೊರಗಿನ ಹಾಳೆಯ ಒಂದು ಬದಿಗೆ 16 ಮತ್ತು 1, ಹಿಂಬದಿಗೆ 2 ಮತ್ತು 15 ಬರಬೇಕು. ಅಕ್ಷರ 14 ಪಾಯಿಂಟಿಗಿಂತ ಚಿಕ್ಕದು ಬೇಡ, ಓದುವವರ ಕಣ್ಣೂ ಎಪ್ಪತ್ತರದ್ದೇ. ಸಣ್ಣ ಸ್ಟೇಪ್ಲರ್ ಮಡಿಕೆಯವರೆಗೆ ಮುಟ್ಟುವುದಿಲ್ಲ. ಮೂರು ತೂತು ಹಾಕಿ, ನಡುವಿನದರಿಂದ ಶುರುಮಾಡಿ ದಪ್ಪ ದಾರದಲ್ಲಿ ಹೊಲಿಯಿರಿ. ಕೊನೆಯ ಎರಡು ಪುಟ ಖಾಲಿ ಇರಲಿ. ಪುಸ್ತಕ ಮನೆ ಸೇರಿದ ಮೇಲೆ ‘ಅದು ಹಂಗಲ್ಲ’ ಅನ್ನುವ ಅಕ್ಕನೋ ನಾದಿನಿಯೋ ಇದ್ದೇ ಇರುತ್ತಾರೆ.