ಬೇಸಿಗೆಯಿಡೀ ಮುಚ್ಚಿದ್ದ ಹಳ್ಳಿಮನೆಗೆ ಮರಳಿದಾಗ ಮೊದಲು ಮಾಡುವುದೇನು?

ತಿಂಗಳುಗಟ್ಟಲೆ ಬೀಗ ಹಾಕಿದ್ದ ಹಳ್ಳಿಮನೆಗೆ ಬೇಸಿಗೆ ಕಳೆದು ಮರಳಿದ ದಿನ ಮೊದಲು ಯಾವ ಕೆಲಸಕ್ಕೆ ಕೈ ಹಾಕಬೇಕು ಎಂದು ಪರಿಚಯದವರು ನನ್ನನ್ನು ಕೇಳುತ್ತಲೇ ಇರುತ್ತಾರೆ. ಕೇಳುವ ಬಹುತೇಕರು ಮನಸ್ಸಿನಲ್ಲೇ ಪೊರಕೆ ಹಿಡಿದು ನಿಂತಿರುತ್ತಾರೆ. ಬಹಳ ದಿನದ ಮೇಲೆ ಬಂದವರಿಗೆ ಮನೆಯನ್ನು ಒಂದೇ ದಿನದಲ್ಲಿ ಮೊದಲಿನಂತೆ ಮಾಡಿಬಿಡುವ ತವಕ ಇರುವುದು ಸಹಜ, ಅದು ಮನೆಯ ಮೇಲಿನ ಪ್ರೀತಿಯಿಂದಲೇ ಹುಟ್ಟುವಂಥದ್ದು. ಆದರೂ ಮೊದಲು ಕಿಟಕಿ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಗಾಳಿ ಆಡಲು ಬಿಟ್ಟು, ಏನನ್ನೂ ಕದಲಿಸದೆ ಮನೆಯನ್ನು ಒಂದು ಸುತ್ತು ನೋಡಿ ಬರಬೇಕು ಎಂಬುದೇ ನನ್ನ ಉತ್ತರ.

ನಾವಿಲ್ಲದಾಗ ಮನೆಯಲ್ಲಿ ನಡೆದದ್ದಕ್ಕೆಲ್ಲ ನೆಲದ ಮೇಲಿನ ಧೂಳೇ ಸಾಕ್ಷಿ. ಗೋಡೆಯಂಚಿನಲ್ಲಿ ಸಾಲಾಗಿ ಬಿದ್ದ ಹಿಕ್ಕೆ ಇಲಿಗಳು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಿದ್ದವು ಎಂಬುದನ್ನು ತೋರಿಸುತ್ತದೆ. ಕಿಟಕಿಯ ಚೌಕಟ್ಟಿನ ಕೆಳಗೆ ಉದುರಿದ ನುಣ್ಣನೆಯ ಪುಡಿ ಮರ ಕೊರೆಯುವ ಹುಳುವಿನದು. ಬಾಗಿಲ ಬುಡದಿಂದ ಮೇಲಕ್ಕೆ ಹತ್ತಿರುವ, ಸುಮಾರು ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಕಂಡರೆ ಅದು ಗೆದ್ದಲಿನ ಸುರಂಗ. ಅದನ್ನು ಪೂರ್ತಿ ಕೆರೆದು ಹಾಕದೆ ಒಂದು ಕಡೆ ಬೆರಳಗಲ ಮಾತ್ರ ಒಡೆದು ನೋಡಬೇಕು: ಒಳಗೆ ಬಿಳಿಯ ಹುಳುಗಳು ಹರಿದಾಡುತ್ತಿದ್ದರೆ, ಅಥವಾ ಒಡೆದ ಜಾಗ ಕೆಲವೇ ದಿನಗಳಲ್ಲಿ ಮತ್ತೆ ಹಸಿಮಣ್ಣಿನಿಂದ ಮುಚ್ಚಿಕೊಂಡರೆ, ಗೆದ್ದಲು ಇನ್ನೂ ಕೆಲಸದಲ್ಲಿದೆ ಎಂದು ಖಚಿತವಾಗುತ್ತದೆ. ಗುಡಿಸಿ ಒರೆಸಿದ ಮನೆ ಕಣ್ಣಿಗೆ ಚೆಂದ ಕಾಣುತ್ತದೆ, ಆದರೆ ಇಲಿ ನುಗ್ಗುವ ಸಂದು ಯಾವುದು, ಮಳೆನೀರು ಇಳಿದ ಮೂಲೆ ಯಾವುದು ಎಂಬ ಸುಳಿವೆಲ್ಲ ಕಸದೊಂದಿಗೇ ಹೊರಗೆ ಹೋಗಿರುತ್ತದೆ.

ಒಣ ಹಿಕ್ಕೆಯನ್ನು ಗುಡಿಸಬಾರದು ಎನ್ನಲು ಇನ್ನೂ ಗಂಭೀರವಾದ ಕಾರಣವಿದೆ. ಕೆಲವು ಜಾತಿಯ ಇಲಿಗಳ ಮಲಮೂತ್ರದಲ್ಲಿರುವ ಹಂಟಾವೈರಸ್, ಅದು ಒಣಗಿ ಧೂಳಾಗಿ ಎದ್ದಾಗ ಉಸಿರಿನ ಮೂಲಕ ಮನುಷ್ಯರಿಗೆ ತಗಲುತ್ತದೆ. 1993ರಲ್ಲಿ ಅಮೆರಿಕದ ನೈಋತ್ಯ ಭಾಗದಲ್ಲಿ ಅದು ಪ್ರಾಣಾಂತಕ ಶ್ವಾಸಕೋಶದ ಕಾಯಿಲೆಯಾಗಿ ಕಾಣಿಸಿಕೊಂಡಿತ್ತು. ಎಲ್ಲ ಇಲಿಗಳಲ್ಲೂ ಈ ವೈರಸ್ ಇರುವುದಿಲ್ಲ ಎಂಬುದು ನಿಜ, ಆದರೆ ಹಿಕ್ಕೆಯನ್ನು ನೋಡಿ ಅದನ್ನು ತಿಳಿಯಲು ಬರುವುದಿಲ್ಲವಲ್ಲ. ಆದ್ದರಿಂದ ಕನಿಷ್ಠ 30 ನಿಮಿಷ ಗಾಳಿ ಆಡಲು ಬಿಟ್ಟು, ಕೈಗವಸು ಹಾಕಿಕೊಂಡು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿದ ದ್ರಾವಣದಿಂದ ಹಿಕ್ಕೆಯನ್ನು ಚೆನ್ನಾಗಿ ತೋಯಿಸಿ, ಐದು ನಿಮಿಷ ನೆನೆಯಲು ಬಿಟ್ಟು, ಆಮೇಲೆ ಕಾಗದದಿಂದ ಒರೆಸಿ ತೆಗೆಯಬೇಕು.

ಧೂಳಿನಷ್ಟು ಕಣ್ಣಿಗೆ ಬೀಳದ್ದು ನಿಂತ ನೀರು. ಕೊಳವೆಯಲ್ಲೂ ತೊಟ್ಟಿಯಲ್ಲೂ ತಿಂಗಳುಗಟ್ಟಲೆ ನಿಂತ ನೀರಿನಲ್ಲಿ, ಅದರ ಉಷ್ಣತೆ 20ರಿಂದ 45 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ, ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಲ್ಲದು. ಬೇಸಿಗೆಯಲ್ಲಿ ಮುಚ್ಚಿದ ಮನೆಯ ನೀರು ಸರಿಯಾಗಿ ಈ ಮಿತಿಯೊಳಗೇ ಇರುತ್ತದೆ. ಈ ರೋಗಾಣು ಹೆಚ್ಚಾಗಿ ತಗಲುವುದು ಸಣ್ಣ ತುಂತುರನ್ನು ಉಸಿರಾಡಿದಾಗ. ಹೀಗಾಗಿ ಪ್ರಯಾಣದ ಬೆವರು ತೊಳೆಯಲು ನೇರವಾಗಿ ಶವರ್ ಕೆಳಗೆ ನಿಲ್ಲುವುದನ್ನು ನಾನು ಯಾರಿಗೂ ಹೇಳಲಾರೆ. ಶವರಿನ ತಲೆ ಬಿಚ್ಚಿಟ್ಟು, ಸ್ನಾನದ ಕೋಣೆಯ ಕಿಟಕಿ ತೆರೆದು, ನಳಗಳನ್ನು ಒಂದೊಂದಾಗಿ, ನೀರು ಸಿಡಿಯದಂತೆ ನಿಧಾನವಾಗಿ ತಿರುಗಿಸಿ, ಹಳೆಯ ನೀರೆಲ್ಲ ಹರಿದುಹೋಗುವವರೆಗೆ ಬಿಡಬೇಕು. ಬಿಸಿನೀರಿನ ಗೀಸರ್ ಇದ್ದರೆ ನೀರು 60 ಡಿಗ್ರಿಗೆ ಕಾಯುವಂತೆ ನೋಡಿಕೊಳ್ಳಬೇಕು. ಹಾಗೆಯೇ ಮನೆಯಲ್ಲಿ ಚರಂಡಿಯ ವಾಸನೆ ಇದ್ದರೆ ಗಾಬರಿಯಾಗಬೇಕಿಲ್ಲ. ಸಿಂಕಿನ ಅಡಿಯ ಬಾಗಿದ ಕೊಳವೆಯಲ್ಲಿ ಸದಾ ನಿಂತು ಚರಂಡಿಯ ಗಾಳಿಯನ್ನು ತಡೆಯುತ್ತಿದ್ದ ನೀರು ಆವಿಯಾಗಿರುತ್ತದೆ, ಅಷ್ಟೇ. ಪ್ರತಿ ಕಿಂಡಿಗೂ ಒಂದು ಚೊಂಬು ನೀರು ಹೊಯ್ದರೆ ಸಾಕು.

ವಿದ್ಯುತ್ತಿನ ಮಾತು ಚಿಕ್ಕದು. ಇಲಿಯ ಬಾಚಿಹಲ್ಲು ಜೀವನವಿಡೀ ಬೆಳೆಯುತ್ತಲೇ ಇರುವುದರಿಂದ ಅದು ಏನನ್ನಾದರೂ ಕಡಿಯುತ್ತಿರುತ್ತದೆ, ತಂತಿಯ ಹೊದಿಕೆಯನ್ನೂ ಬಿಡುವುದಿಲ್ಲ. ಕಾಣುವ ತಂತಿಗಳನ್ನೆಲ್ಲ ನೋಡದೆ ಮುಖ್ಯ ಸ್ವಿಚ್ ಹಾಕಬೇಡಿ, ಹಾಕಿದ ಮೇಲೆ ಸೋರಿಕೆ ವಿದ್ಯುತ್ತನ್ನು ತಡೆಯುವ ಸ್ವಿಚ್ಚಿನ ಪರೀಕ್ಷಾ ಗುಂಡಿಯನ್ನು ಒಮ್ಮೆ ಒತ್ತಿ ನೋಡಿ.

ಬಾವಿಯ ವಿಷಯದಲ್ಲಿ ಮಾತ್ರ ನಾನು ಬೇಡಿಕೊಂಡೇ ಹೇಳುತ್ತೇನೆ. ಬಳಸದೆ ಬಿಟ್ಟ ಬಾವಿಯ ತಳದಲ್ಲಿ ಆಮ್ಲಜನಕ ಕಡಿಮೆಯಾಗಿ, ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡ್ ಶೇಖರವಾಗಿರಬಹುದು. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಪಂಪ್ ನೀರೆತ್ತುತ್ತಿಲ್ಲವೆಂದೋ ಕಸ ಬಿದ್ದಿದೆಯೆಂದೋ ಇಳಿದವರು ಪ್ರಜ್ಞೆ ತಪ್ಪುತ್ತಾರೆ, ಅವರನ್ನು ಎತ್ತಲು ಇಳಿದವರೂ ಅಲ್ಲೇ ಉಳಿಯುತ್ತಾರೆ. ಆ ಕೆಲಸಕ್ಕೆ ಸಲಕರಣೆ ಇರುವವರನ್ನೇ ಕರೆಸಬೇಕು. ನೀರನ್ನು ಪರೀಕ್ಷೆಗೆ ಕೊಟ್ಟು, ಫಲಿತಾಂಶ ಕೈಗೆ ಬರುವವರೆಗೆ ಕುಡಿಯಲು ಬೇರೆ ಕಡೆಯ ನೀರನ್ನು ತಂದಿಟ್ಟುಕೊಳ್ಳಬೇಕು.