ಹಸು ಒಂದೇ, ಹಕ್ಕುದಾರರು ಮೂವರು

ಕೀನ್ಯಾದ ದನಗಾಹಿ ಜನಾಂಗವಾದ ಮಾಸಾಯಿಗಳಲ್ಲಿ ‘ಈ ಹಸು ಯಾರದ್ದು?’ ಎಂದು ಕೇಳಿದರೆ ಒಂದೇ ಹೆಸರು ಸಿಗುವುದಿಲ್ಲ. ಕಿವಿಗೆ ಹಾಕಿದ ಕಚ್ಚು, ಮೈಮೇಲಿನ ಬರೆ ಹೇಳುವುದು ಗಂಡನ ಮನೆತನ, ಕುಲವನ್ನು. ಆದರೆ ಮದುವೆಯಾದಾಗ ಹೆಂಡತಿಯ ಗುಡಿಸಲಿನ ಪಾಲಿಗೆ ಕೆಲವು ಹಸು ಬರುತ್ತವೆ. ಹಾಲು ಕರೆಯುವವಳೂ ಅವಳೇ, ಯಾರಿಗೆಷ್ಟು ಅಂತ ಹಂಚುವವಳೂ ಅವಳೇ. ಆ ಹಸುಗಳ ಸಂತತಿ ಮುಂದೆ ಅವಳ ಗಂಡುಮಕ್ಕಳಿಗೆ. ಒಬ್ಬಳ ಪಾಲಿನ ಹಸುವನ್ನು ಗಂಡ ಇನ್ನೊಬ್ಬ ಹೆಂಡತಿಯ ಮಗನಿಗೆ ಕೊಟ್ಟನೋ, ಜಗಳ ಖಂಡಿತ. ಮಾರುವ ಮಾತು ಬಂದಾಗ ಮಾತ್ರ ಗಂಡನ ದನಿಯೇ ಜೋರು.

ದನ ಖಾಸಗಿ, ಹುಲ್ಲುಗಾವಲು ಸಾಮೂಹಿಕ. ತೊಡಕು ಇಲ್ಲೇ. 1968ರ ಕಾನೂನು ‘ಗ್ರೂಪ್ ರಾಂಚ್’ ಹೆಸರಲ್ಲಿ ಜಮೀನನ್ನು ಸದಸ್ಯರಿಗೆ ಜಂಟಿಯಾಗಿ ಬರೆಯಿತು. ಸದಸ್ಯರ ಪಟ್ಟಿಯಲ್ಲಿ ಹೆಚ್ಚಿನವರು ಗಂಡಸರೇ (ಹಾಲಿನ ಹಕ್ಕಿಗೆ ಅಲ್ಲಿ ಕಾಲಂ ಎಲ್ಲಿಂದ ಬರಬೇಕು!). ಒಬ್ಬೊಬ್ಬರು ಎಷ್ಟು ದನ ಇಡಬಹುದೆಂಬ ಮಿತಿ ಬಹುಪಾಲು ಕಾಗದದಲ್ಲೇ ಉಳಿಯಿತು. ಆಮೇಲೆ ಹಲವೆಡೆ ಜಮೀನು ತುಂಡು ಮಾಡಿ ಬಿಡಿಬಿಡಿಯಾಗಿ ಪಟ್ಟಾ ಕೊಟ್ಟರು, ಬೇಲಿಗಳೆದ್ದವು. ಅಲ್ಲಿ ಮಳೆ ಬೀಳುವುದೇ ತೇಪೆ ತೇಪೆಯಾಗಿ. ಬೇಲಿಯೊಳಗೆ ಹನಿ ಬೀಳದಿದ್ದರೆ ಪಟ್ಟಾ ತೋರಿಸಿ ಮೇವು ಹುಟ್ಟಿಸಲಾಗದು. ಹಾಗಾಗಿ ಕೆಲವೆಡೆ ನೆರೆಯವರು ತಾವೇ ಮಾತಾಡಿಕೊಂಡು ತುಂಡುಗಳನ್ನು ಮತ್ತೆ ಒಟ್ಟಿಗೆ ಮೇಯಿಸುತ್ತಿದ್ದಾರೆ.