ಲುಶೊಟೊ: ಜೀಪಿನಿಂದ ಇಳಿದು ನಡೆಯಬೇಕಾದ ತಾಂಜಾನಿಯಾ

ತಾಂಜಾನಿಯಾಕ್ಕೆ ಹೋಗುವ ನಮ್ಮವರ ಪಟ್ಟಿ ಹೆಚ್ಚುಕಡಿಮೆ ಒಂದೇ: ಸೆರೆಂಗೆಟಿ, ಗೊರೊಂಗೊರೊ, ಕೊನೆಗೆ ಜಂಜಿಬಾರ್‌ನ ಕಡಲತೀರ. ಕೈಯಲ್ಲಿ ದುಡ್ಡೂ ಮೊಣಕಾಲಲ್ಲಿ ಬಲವೂ ಇದ್ದವರು ಕಿಲಿಮಂಜಾರೊ ಸೇರಿಸಿಕೊಳ್ಳುತ್ತಾರೆ. ಅರುಷಾದಿಂದ ದಾರ್ ಎಸ್ ಸಲಾಮ್‌ಗೆ ಬಸ್ಸಿನಲ್ಲಿ ಹೋಗುವಾಗ ಎಡಗಡೆಯ ಕಿಟಕಿಯಾಚೆ ಗಂಟೆಗಟ್ಟಲೆ ಒಂದು ಬೆಟ್ಟಸಾಲು ಜೊತೆಗೇ ಬರುತ್ತಿರುತ್ತದೆ. ಮೊದಲು ಪರೆ, ಆಮೇಲೆ ಉಸಾಂಬರಾ. ಬಹಳ ಜನ ಆ ಹೊತ್ತಿಗೆ ನಿದ್ದೆಯಲ್ಲಿರುತ್ತಾರೆ. ಉಸಾಂಬರಾದ ಪಶ್ಚಿಮ ಭಾಗವೇ ಟಾಂಗಾ ಪ್ರಾಂತ್ಯದ ಲುಶೊಟೊ ಜಿಲ್ಲೆ. ಸಿಂಹ, ಆನೆ ನೋಡಲೇಬೇಕು ಎನ್ನುವವರು ಇಲ್ಲಿಗೆ ಬರುವುದು ಬೇಡ. ಊರೂರು ನಡೆದು, ಹೊಲದ ಬದುವಿನ ಮೇಲೆ ಕೂತು ಮಾತನಾಡಿ, ರಾತ್ರಿ ಎರಡು ಕಂಬಳಿ ಹೊದ್ದು ಮಲಗುವ ಪ್ರವಾಸ ಬೇಕೆನ್ನುವವರಿಗಾಗಿ ಈ ಬರಹ.

ಮೊದಲು ದಾರಿ. ದಾರ್–ಅರುಷಾ ಹೆದ್ದಾರಿಯಲ್ಲಿ ಮೊಂಬೊ ಎಂಬ ಸಣ್ಣ ಪೇಟೆ ಸಿಗುತ್ತದೆ. ಲುಶೊಟೊಗೆ ಬೆಟ್ಟ ಹತ್ತುವ ರಸ್ತೆ ಅಲ್ಲಿಂದ ಒಡೆಯುತ್ತದೆ. ದಾರ್‌ನಿಂದ ಲುಶೊಟೊಗೆ ನೇರ ಬಸ್ಸುಗಳಿವೆ, ಏಳೆಂಟು ಗಂಟೆಯ ಪ್ರಯಾಣ. ಅರುಷಾ ಅಥವಾ ಮೋಶಿ ಕಡೆಯಿಂದ ಬರುವವರು ದಾರ್ ಬಸ್ಸನ್ನೇ ಹತ್ತಿ, ಮೊಂಬೊದಲ್ಲಿ ಇಳಿಸುವಂತೆ ಕಂಡಕ್ಟರನಿಗೆ ಮೊದಲೇ ಹೇಳಿಟ್ಟರೆ ಸಾಕು. ಇಳಿದ ಕೂಡಲೇ ನಾಲ್ಕಾರು ಯುವಕರು ಸುತ್ತುವರಿದು, ತಾವೇ ಅಧಿಕೃತ ಮಾರ್ಗದರ್ಶಕರೆಂದು ಚೀಲಕ್ಕೆ ಕೈ ಹಾಕಬಹುದು. ನಗುತ್ತಲೇ ಬೇಡವೆಂದು ಹೇಳಿ ಲುಶೊಟೊಗೆ ಹೋಗುವ ವ್ಯಾನ್ ಹತ್ತಿ. ಮಾರ್ಗದರ್ಶಕರನ್ನು ಗೊತ್ತುಮಾಡುವ ಕೆಲಸ ಲುಶೊಟೊ ಪೇಟೆಯಲ್ಲಿ ಆಗಬೇಕೇ ಹೊರತು ಮೊಂಬೊದ ಬಿಸಿಲಿನಲ್ಲಿ ಅಲ್ಲ.

ಮೊಂಬೊದ ಸುತ್ತ ಬಯಲಿನಲ್ಲಿ ಮೈಲುಗಟ್ಟಲೆ ಕತ್ತಾಳೆ ಕಾಣುತ್ತದೆ, ನಾರಿಗಾಗಿ ಬೆಳೆಸಿದ ಸೀಸಲ್ ತಳಿ. 1893ರಲ್ಲಿ ರಿಚರ್ಡ್ ಹಿಂಡಾರ್ಫ್ ಎಂಬ ಜರ್ಮನ್ ಕೃಷಿತಜ್ಞ ಅಮೆರಿಕದ ಫ್ಲಾರಿಡಾದಿಂದ ತರಿಸಿದ ಸಸಿಗಳಲ್ಲಿ ಬದುಕಿ ಬಂದದ್ದು 62 ಮಾತ್ರ. ಟಾಂಗಾ ಪ್ರಾಂತ್ಯದ ಸೀಸಲ್ ತೋಟಗಳ ಚರಿತ್ರೆ ಶುರುವಾಗುವುದು ಅಲ್ಲಿಂದ. ಕೂಲಿಗೆಂದು ದೂರದೂರದಿಂದ ಬಂದವರ ಮಕ್ಕಳು, ಮೊಮ್ಮಕ್ಕಳು ಈ ಬಯಲ ಊರುಗಳಲ್ಲಿ ಇಂದಿಗೂ ಇದ್ದಾರೆ.

ಮೊಂಬೊದಿಂದ ಲುಶೊಟೊ 33 ಕಿಲೋಮೀಟರ್. ಈ ನಾಡು ಜರ್ಮನರ ವಸಾಹತಾಗಿದ್ದ ಕಾಲದ ದಾರಿಯೇ ಈಗ ಡಾಂಬರು ಕಂಡಿದೆ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕಮರಿ, ತಿರುವಿನ ಮೇಲೆ ತಿರುವು. ಘಾಟಿಯಲ್ಲಿ ಹೊಟ್ಟೆ ತೊಳಸುವವರು ಮುಂದಿನ ಸೀಟು ಕೇಳಿ ಪಡೆಯಿರಿ. ನಡುವೆ ಸೋನಿ ಪೇಟೆ, ಅದರ ಜಲಪಾತ ರಸ್ತೆಗೇ ಕಾಣುತ್ತದೆ. ಒಂದು ಗಂಟೆಯ ಹಿಂದೆ ಬೆವರು ಒರೆಸಿಕೊಳ್ಳುತ್ತಿದ್ದವರು ಇಲ್ಲಿ ಚೀಲದಿಂದ ಸ್ವೆಟರ್ ಹುಡುಕುತ್ತಾರೆ. ಲುಶೊಟೊ ಪೇಟೆ ಇರುವುದು ಸುಮಾರು 1,400 ಮೀಟರ್ ಎತ್ತರದಲ್ಲಿ. ಚಕ್ರವರ್ತಿ ವಿಲ್‌ಹೆಲ್ಮನ ನೆನಪಿಗೆ ಜರ್ಮನರು ಇದನ್ನು ವಿಲ್‌ಹೆಲ್ಮ್ಸ್‌ಟಾಲ್ ಎಂದು ಕರೆದಿದ್ದರು. ಕರಾವಳಿಯ ಸೆಕೆ, ಮಲೇರಿಯಾ ತಾಳಲಾರದ ಅಧಿಕಾರಿಗಳಿಗೆ ಇದು ಬೇಸಿಗೆಯ ತಾಣವಾಗಿತ್ತು.

ಈ ಬೆಟ್ಟಗಳು ಹೇಗೆ ಹುಟ್ಟಿದವು ಎಂಬುದನ್ನು ಸ್ವಲ್ಪ ತಿಳಿದು ಹೋದರೆ ನೋಟವೇ ಬೇರೆಯಾಗುತ್ತದೆ. ಕಿಲಿಮಂಜಾರೊ ಜ್ವಾಲಾಮುಖಿ, ಭೂವಿಜ್ಞಾನದ ಲೆಕ್ಕದಲ್ಲಿ ನಿನ್ನೆ ಮೊನ್ನೆಯದು. ಉಸಾಂಬರಾ ಹಾಗಲ್ಲ. ಕೀನ್ಯಾದ ಟೈಟಾ ಬೆಟ್ಟಗಳಿಂದ ದಕ್ಷಿಣ ತಾಂಜಾನಿಯಾದ ಉಡ್‌ಜುಂಗ್ವಾವರೆಗೆ ಬಿಲ್ಲಿನಂತೆ ಬಾಗಿರುವ ‘ಪೂರ್ವ ಕಮಾನು’ ಪರ್ವತಗಳ ಒಂದು ತುಂಡು ಇದು. ಬಹು ಪುರಾತನ ಸ್ಫಟಿಕ ಶಿಲೆಯ ದಿಮ್ಮಿಗಳು ಬಿರುಕುಗುಂಟ ಮೇಲೆದ್ದು ನಿಂತವು. ಅದಕ್ಕೇ ಅಂಚುಗಳು ಗೋಡೆಯಷ್ಟು ನೆಟ್ಟಗಿವೆ. ಹಿಂದೂ ಮಹಾಸಾಗರದಿಂದ ಬರುವ ತೇವದ ಗಾಳಿಯನ್ನು ಈ ಗೋಡೆಗಳು ತಡೆದು ಮಳೆ ಸುರಿಸಿಕೊಳ್ಳುತ್ತವೆ. ಆಫ್ರಿಕಾ ಒಣಗಿದ ಯುಗಗಳಲ್ಲೂ ಇಲ್ಲಿ ಕಾಡು ಉಳಿದದ್ದು ಹೀಗೆ. ಸುತ್ತ ಕುರುಚಲು ಬಯಲು, ನಡುವೆ ಒಂದೊಂದು ಹಸಿರು ಬೆಟ್ಟ. ಒಂದು ಬೆಟ್ಟದ ಜೀವಿ ಇನ್ನೊಂದಕ್ಕೆ ದಾಟಲಾಗದೆ ತನ್ನ ದಾರಿಯಲ್ಲಿ ತಾನೇ ಬೇರೆಯಾಯಿತು. ಬೇರೆಲ್ಲೂ ಕಾಣದ ಹಕ್ಕಿ, ಕಪ್ಪೆ, ಗಿಡಗಳು ಇಲ್ಲಿರುವುದರ ಗುಟ್ಟು ಇಷ್ಟೇ.

ಲುಶೊಟೊ ತಲುಪಿದ ಮಾರನೆಯ ದಿನ ಇರೆಂಟೆಗೆ ನಡೆಯಿರಿ. ಪೇಟೆಯಿಂದ ಐದಾರು ಕಿಲೋಮೀಟರ್, ಊರಿನ ನಡುವೆಯೇ ದಾರಿ. ಬೆಟ್ಟ ಒಮ್ಮೆಲೇ ಮುಗಿದು, ಸುಮಾರು ಸಾವಿರ ಮೀಟರ್ ಕೆಳಗೆ ಮಜಿಂಡೆಯ ಬಯಲು, ಕತ್ತಾಳೆ ತೋಟದ ಗೆರೆಗಳು, ಆಚೆಗೆ ಮಾಸಾಯಿ ಹುಲ್ಲುಗಾವಲು ಹರಡಿಕೊಳ್ಳುತ್ತವೆ. ಮಧ್ಯಾಹ್ನದ ಹೊತ್ತಿಗೆ ಬಯಲಿನ ಮೇಲೆ ಧೂಳಿನ ಮುಸುಕು ಕವಿಯುವುದರಿಂದ ಬೆಳಿಗ್ಗೆ ಬೇಗ ಇಲ್ಲವೇ ಸಂಜೆ ಹೋಗುವುದು ಮೇಲು. ದಾರಿಯಲ್ಲಿರುವ ಇರೆಂಟೆ ತೋಟದಲ್ಲಿ ಅಲ್ಲೇ ತಯಾರಿಸಿದ ಚೀಸ್, ಬ್ರೆಡ್, ಜಾಮ್ ಸಿಗುತ್ತದೆ. ಸಸ್ಯಾಹಾರಿಗಳು ಹಿಂದೆಮುಂದೆ ನೋಡದೆ ಅಲ್ಲಿ ಊಟಕ್ಕೆ ಕೂರಬಹುದು.

ಕಾಡಿಗೆ ಹೋಗುವುದಾದರೆ ಮಗಾಂಬಾ. ಒಂಬತ್ತು ಸಾವಿರ ಹೆಕ್ಟೇರಿಗೂ ಮಿಕ್ಕಿದ ರಕ್ಷಿತಾರಣ್ಯ. ಪ್ರವೇಶ ಶುಲ್ಕವಿದೆ, ಮಾರ್ಗದರ್ಶಕರು ಬೇಕು. ಉಸಾಂಬರಾದ ಹೆಸರನ್ನೇ ಹೊತ್ತ ಕರ್ಪೂರ ಜಾತಿಯ ಭಾರೀ ಮರಗಳು, ಪೊಡೊಕಾರ್ಪಸ್, ತೊರೆಗಳ ಬದಿಯಲ್ಲಿ ಆಳೆತ್ತರದ ಮರಜರಿಗಿಡಗಳು. ಮೇಲೆ ಕಪ್ಪು ಬಿಳುಪಿನ ಕೊಲಬಸ್ ಕೋತಿಗಳು. ಉದ್ದ ಬಿಳಿ ಕೂದಲು ಬೀಸಿಕೊಂಡು ಕೊಂಬೆಯಿಂದ ಕೊಂಬೆಗೆ ಹಾರುವುದನ್ನು ಕಾಣಲು ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಬೇಕು.

ಆದರೆ ಇಲ್ಲಿ ನೋಡಲೇಬೇಕಾದದ್ದು ಊಸರವಳ್ಳಿ. ಮೂತಿಯ ಮೇಲೆ ಎರಡು ಕೊಂಬು ಚಾಚಿಕೊಂಡ ಪಶ್ಚಿಮ ಉಸಾಂಬರಾದ ಈ ಜಾತಿ ಬೇರೆ ಬೆಟ್ಟದಲ್ಲಿಲ್ಲ. ನಾವು ಮೂರು ಸಲ ದಾಟಿ ಹೋಗಿದ್ದ ಪೊದೆಯ ಮುಂದೆ ನಮ್ಮ ಮಾರ್ಗದರ್ಶಕ ನಿಂತು, ಕೋಲಿನಿಂದ ಒಂದು ಎಲೆಯನ್ನು ತೋರಿಸಿದ. ಎಲೆಗೆ ಕಣ್ಣಿತ್ತು. ಒಂದು ಕಣ್ಣು ನಮ್ಮನ್ನೂ ಇನ್ನೊಂದು ಕಣ್ಣು ಹಿಂದಿನ ನೊಣವನ್ನೂ ನೋಡುತ್ತಿತ್ತು. ಹಿಂದಿನ ಕಾಲು ಕೊಂಬೆಯನ್ನು ಇಕ್ಕಳದಂತೆ ಹಿಡಿದಿತ್ತು, ಮುಂದಿನ ಕಾಲು ಗಾಳಿಯಲ್ಲಿ ಎತ್ತಿದಲ್ಲೇ ತೂಗುತ್ತಿತ್ತು. ರಾತ್ರಿ ಟಾರ್ಚ್ ಹಿಡಿದು ಹೋದರೆ ಇವು ಇನ್ನೂ ಸುಲಭವಾಗಿ ಕಾಣುತ್ತವೆ, ಬೆಳಕಿಗೆ ಮೈ ಬಿಳಿಚಿಕೊಂಡು ಹೊಳೆಯುತ್ತದೆ. ರಸ್ತೆಬದಿಯಲ್ಲಿ ಮಕ್ಕಳು ಕಡ್ಡಿಗೆ ಊಸರವಳ್ಳಿ ಹತ್ತಿಸಿ ತಂದು ಫೋಟೊಗೆ ಹಣ ಕೇಳಿದರೆ ದಯವಿಟ್ಟು ಕೊಡಬೇಡಿ. ಒಬ್ಬರು ಕೊಟ್ಟರೆ ಮರುದಿನ ಹತ್ತು ಊಸರವಳ್ಳಿ ಕಡ್ಡಿಗೆ ಬರುತ್ತವೆ.

ಕಾಡು ಬೆಟ್ಟದ ಒಂದು ಪಾಲು ಮಾತ್ರ, ಉಳಿದದ್ದೆಲ್ಲ ಹೊಲ. 2012ರ ಜನಗಣತಿಯ ಹೊತ್ತಿಗೇ ಜಿಲ್ಲೆಯಲ್ಲಿ ಐದು ಲಕ್ಷದ ಸಮೀಪ ಜನರಿದ್ದರು. ತಲೆತಿರುಗುವ ಇಳಿಜಾರಿನಲ್ಲೂ ಮೆಕ್ಕೆಜೋಳ, ಹುರುಳಿಕಾಯಿ, ಬಾಳೆ. ನೀರಿರುವ ಕಣಿವೆಯ ತಳದಲ್ಲಿ ಎಲೆಕೋಸು, ಕ್ಯಾರೆಟ್, ಟೊಮೆಟೊ, ಆಲೂಗಡ್ಡೆ. ರಾತ್ರಿ ಲಾರಿ ತುಂಬಿ ಇವು ದಾರ್‌ಗೆ ಇಳಿಯುತ್ತವೆ. ಹೊಲದ ಅಂಚಿನಲ್ಲಿ ನೆಟ್ಟ ಮರವನ್ನು ಕೊಡಗು, ಚಿಕ್ಕಮಗಳೂರಿನವರು ಕಂಡೊಡನೆ ಗುರುತಿಸುತ್ತಾರೆ, ನಮ್ಮ ಕಾಫಿ ತೋಟದ ಅದೇ ಸಿಲ್ವರ್ ಓಕ್. ಎರಡೂ ಕಡೆಗೆ ಅದು ಆಸ್ಟ್ರೇಲಿಯಾದಿಂದ ಬಂದ ನೆಂಟ.

ಆ ಇಳಿಜಾರಿನ ಮಣ್ಣಿಗೆ ಒಂದು ರಾಜಕೀಯವೂ ಇದೆ. 1940ರ ದಶಕದಲ್ಲಿ, ಜರ್ಮನರ ನಂತರ ಬಂದ ಬ್ರಿಟಿಷ್ ಆಡಳಿತ ಮಣ್ಣಿನ ಸವಕಳಿ ತಡೆಯುವ ನೆಪದಲ್ಲಿ ಪ್ರತಿ ಹೊಲದಲ್ಲೂ ಏರಿ ಕಟ್ಟಲೇಬೇಕೆಂದು ಕಡ್ಡಾಯ ಮಾಡಿತು. ಕಟ್ಟದವರಿಗೆ ದಂಡ. ಇಲ್ಲಿಯ ಶಂಬಾ ಸಮುದಾಯದ ರೈತರು ಸಿಡಿದೆದ್ದರು. 1950ರ ದಶಕ ಮುಗಿಯುವ ಮೊದಲೇ ಸರ್ಕಾರ ಯೋಜನೆಯನ್ನು ಕೈಬಿಡಬೇಕಾಯಿತು. ಈಗ ನೀವು ನೋಡುವ ಏರಿಗಳು, ಅಡ್ಡಸಾಲಿನ ಮೇವಿನ ಹುಲ್ಲು ಬಹುಪಾಲು ಆಮೇಲಿನವು, ಜನ ಒಪ್ಪಿ ಮಾಡಿದವು. ಒಳ್ಳೆಯ ಮಾರ್ಗದರ್ಶಕ ಸಿಕ್ಕರೆ ಈ ಕಥೆಯನ್ನು ಅವನ ಅಜ್ಜ ಅಜ್ಜಿಯರ ಮಾತಿನಲ್ಲೇ ಕೇಳಬಹುದು. ನನಗೆ ಕೇಳಿದರೆ ಎಲ್ಲ ನೋಟಗಳಿಗಿಂತ ಇದಕ್ಕೆ ಹೆಚ್ಚು ಬೆಲೆ.

ಬೆಟ್ಟದ ಬಹುಸಂಖ್ಯಾತರು ಶಂಬಾ ಜನ. ಅವರನ್ನು ಆಳಿದ್ದು ಕಿಲಿಂಡಿ ವಂಶ. ಮೂಲಪುರುಷ ಎಂಬೆಗಾ ದಕ್ಷಿಣದ ಕಡೆಯಿಂದ ಬಂದ ಬೇಟೆಗಾರ. ಬೆಳೆ ಹಾಳು ಮಾಡುತ್ತಿದ್ದ ಕಾಡುಹಂದಿಗಳನ್ನು ಕೊಂದು, ಮಾಂಸ ಹಂಚಿ, ವ್ಯಾಜ್ಯ ತೀರಿಸಿ ಜನರ ಮನಸ್ಸು ಗೆದ್ದನೆಂದು ಐತಿಹ್ಯ. ವುಗಾ ಅವರ ರಾಜಧಾನಿ. 1862ರಲ್ಲಿ ತೀರಿಕೊಂಡ ಕಿಮ್ವೇರಿಯ ಕಾಲದಲ್ಲಿ ರಾಜ್ಯ ಕರಾವಳಿಯ ಅಂಚಿನವರೆಗೂ ಹಬ್ಬಿತ್ತು. ಇದೇ ಬೆಟ್ಟದಲ್ಲಿ ಎಂಬುಗು ಎಂಬ ದನಗಾಹಿ ಮೂಲದ ಸಣ್ಣ ಸಮುದಾಯವೂ ಇದೆ. ಅವರು ಆಡುವ ‘ಮಾ’ ಭಾಷೆಯ ವ್ಯಾಕರಣ ಸ್ವಾಹಿಲಿ ಸೇರಿದ ಬಂಟು ಭಾಷಾಕುಟುಂಬದ್ದು, ಪದಗಳಲ್ಲಿ ಬಹಳಷ್ಟು ಇಥಿಯೋಪಿಯಾ ಕಡೆಯ ಕುಶಿಟಿಕ್ ಕುಟುಂಬದವು. ಭಾಷಾವಿಜ್ಞಾನಿಗಳು ದಶಕಗಳಿಂದ ಇದರ ಮೇಲೆ ತಲೆ ಕೆಡಿಸಿಕೊಂಡಿದ್ದಾರೆ. ಮುಸ್ಲಿಮರು ಹೆಚ್ಚು, ಲೂಥರನ್ ಮತ್ತು ಕ್ಯಾಥೊಲಿಕ್ ಕ್ರೈಸ್ತರೂ ಇದ್ದಾರೆ. ಹೆಣ್ಣಾಗಲಿ ಗಂಡಾಗಲಿ ಮೊಣಕಾಲು ಮುಚ್ಚುವ ಉಡುಪು ತೊಟ್ಟರೆ ಮರ್ಯಾದೆ ಹೆಚ್ಚು ಸಿಗುತ್ತದೆ. ಹಿರಿಯರು ಎದುರಾದರೆ ‘ಶಿಕಮೋ’ ಎನ್ನಿ, ಅವರು ‘ಮರಹಬಾ’ ಎನ್ನುತ್ತಾರೆ. ಅದನ್ನು ಹೇಳದೆ ಕ್ಯಾಮೆರಾ ಎತ್ತಿದವರಿಗೆ ಬೆನ್ನೇ ಕಾಣುವುದು.

ಸಮಯವಿದ್ದರೆ ಎಂಟಾಯೆವರೆಗೆ ನಡೆಯಿರಿ, ಇದೇ ಇಲ್ಲಿಯ ದೊಡ್ಡ ನಡಿಗೆ. ಲುಶೊಟೊದಿಂದ ಲುಕೋಜಿ, ರಂಗ್ವಿ, ಮಾಂಬೊ ಹಾದು ಬೆಟ್ಟದ ವಾಯವ್ಯ ತುದಿಗೆ. ಮೂರು ನಾಲ್ಕು ದಿನ ಬೇಕು. ರಂಗ್ವಿಯಲ್ಲಿ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ತಂಗಬಹುದು: ಚೊಕ್ಕಟ ಕೋಣೆ, ಬಿಸಿ ಊಟ. ಎಂಟಾಯೆ ಊರು ಕುಳಿತಿರುವುದು ಕಿರಿದಾದ ಏಣಿನ ಮೇಲೆ, ಎರಡೂ ಬದಿಗೆ ಪ್ರಪಾತ. ಒಂದು ಕಡೆ ಎಂಕೊಮಾಜಿಯ ಬಯಲು ಕೀನ್ಯಾದತ್ತ ಸಾಗುತ್ತದೆ, ಇನ್ನೊಂದು ಕಡೆ ಪರೆ ಬೆಟ್ಟಗಳು. ಪೂರ್ತಿ ನಡೆಯಲಾಗದವರು ಬಸ್ಸಿನಲ್ಲಿ ಹೋಗಿ ಬರಬಹುದು. ರಸ್ತೆ ಮಣ್ಣಿನದು, ಮೈಕೈ ನೋವಿಗೆ ಸಿದ್ಧರಾಗಿರಿ. ಮಾರ್ಗದರ್ಶಕರ ಜೊತೆ ಮಾತಾಡುವಾಗ ಕಾಡಿನ ಶುಲ್ಕ, ತಂಗುವ ಖರ್ಚು, ಊಟ, ವಾಪಸು ಬರುವ ಬಸ್ಸು ಇವೆಲ್ಲ ಸೇರಿದೆಯೇ ಎಂದು ಒಂದೊಂದಾಗಿ ಕೇಳಿ ಕಾಗದದ ಮೇಲೆ ಬರೆಸಿಕೊಳ್ಳಿ.

ಊಟದ ಚಿಂತೆ ಬೇಡ. ಅನ್ನ, ಹುರುಳಿಕಾಯಿ ಬೀಜದ ಸಾರಿನಂಥ ಮಹರಾಗೆ, ಚಪಾತಿ ಎಲ್ಲ ಕಡೆ ಸಿಗುತ್ತವೆ. ‘ಮ್ಚಿಚಾ’ ಎಂದು ತಟ್ಟೆಗೆ ಬೀಳುವುದು ನಮ್ಮ ಹರಿವೆ ಸೊಪ್ಪು. ಮೆಕ್ಕೆಜೋಳದ ಕಾಳು, ಹುರುಳಿಕಾಯಿ ಬೀಜ ಸೇರಿಸಿ ಬೇಯಿಸಿದ ‘ಮಕಂಡೆ’ ಚಳಿಗೆ ಹಿತ. ಬೆಳಿಗ್ಗೆ ‘ಉಜಿ ವಾ ಉಲೇಜಿ’ ಕೇಳಿ ನೋಡಿ, ಬರುವುದು ರಾಗಿ ಗಂಜಿ. ರಾಗಿ ಮೊದಲು ಬೆಳೆಯಾದದ್ದೇ ಪೂರ್ವ ಆಫ್ರಿಕಾದ ಎತ್ತರದ ನಾಡುಗಳಲ್ಲಿ, ನಮ್ಮಲ್ಲಿಗೆ ಬಂದದ್ದು ಆಮೇಲೆ. ಮಾಂಸದ ಎಸರು ಬೆರೆಸಿದ್ದಾರೋ ಎಂಬ ಅನುಮಾನವಿದ್ದರೆ ‘ಬಿಲಾ ನ್ಯಾಮಾ’, ಅಂದರೆ ಮಾಂಸವಿಲ್ಲದೆ, ಎಂದು ಮೊದಲೇ ಹೇಳಿ. ಸಂತೆಯಲ್ಲಿ ಹಣ್ಣು ತರಕಾರಿ ಗುಡ್ಡೆ ಲೆಕ್ಕದಲ್ಲಿ ಮಾರುತ್ತಾರೆ. ಪ್ಲಮ್, ಪೇರು, ಪೀಚ್ ಬರುವ ಕಾಲವಾದರೆ ಚೀಲ ತುಂಬಿಸಿಕೊಳ್ಳಿ. ಆ ಚೀಲ ಬಟ್ಟೆಯದಿರಲಿ: 2019ರ ಜೂನ್‌ನಿಂದ ದೇಶದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧ, ಪ್ರವಾಸಿಗರಿಗೂ ರಿಯಾಯಿತಿಯಿಲ್ಲ.

ಜೂನ್‌ನಿಂದ ಸೆಪ್ಟೆಂಬರ್ ಒಣ ಮತ್ತು ತಂಪು ಕಾಲ, ನಡೆಯಲು ಹೇಳಿ ಮಾಡಿಸಿದ್ದು. ಜುಲೈ ರಾತ್ರಿಗಳಿಗೆ ಜಾಕೆಟ್ ಬೇಕೇ ಬೇಕು. ಮಾರ್ಚ್‌ನಿಂದ ಮೇವರೆಗಿನ ದೊಡ್ಡ ಮಳೆಯಲ್ಲಿ ಜಾರುವ ಕೆಂಪುಮಣ್ಣು, ರಸ್ತೆಗೆ ಕುಸಿಯುವ ಗುಡ್ಡ. ಆಗ ಬೇಡ. ವೀಸಾಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಅಡಿಸ್ ಅಬಾಬಾ ಅಥವಾ ನೈರೋಬಿ ಮೂಲಕ ಹಾರುವವರು ಹಳದಿ ಜ್ವರದ ಲಸಿಕೆಯನ್ನು ಹೊರಡುವ ದಿನಕ್ಕೆ ಹತ್ತು ದಿನ ಮೊದಲೇ ಹಾಕಿಸಿಕೊಂಡು ಪ್ರಮಾಣಪತ್ರ ಕೈಯಲ್ಲಿಟ್ಟುಕೊಳ್ಳಿ. ಮೇಲೆ ಸೊಳ್ಳೆ ಕಡಿಮೆಯಾದರೂ ಮೊಂಬೊ, ಟಾಂಗಾ, ದಾರ್‌ನಲ್ಲಿ ಮಲೇರಿಯಾ ಇದೆ, ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಂಡು ಹೋಗಿ. ಹಳ್ಳಿಗಳಲ್ಲಿ ಕಾರ್ಡ್ ನಡೆಯದು, ಶಿಲಿಂಗ್ ನೋಟುಗಳು ಬೇಕು, ಅದೂ ಸಣ್ಣವು. ಪ್ಲಗ್ ಬ್ರಿಟಿಷ್ ಮಾದರಿಯದು.

ಇನ್ನು ಗಡಿಯಾರ. ಸ್ವಾಹಿಲಿ ಲೆಕ್ಕದಲ್ಲಿ ದಿನ ಶುರುವಾಗುವುದು ಸೂರ್ಯೋದಯಕ್ಕೆ. ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ. ದಾರ್ ಬಸ್ಸು ‘ಹನ್ನೆರಡಕ್ಕೆ’ ಎಂದರೆ ಬೆಳಗಿನ ಆರು. ಟಿಕೆಟ್ ಹಿಂದಿನ ದಿನವೇ ತೆಗೆದುಕೊಂಡು, ಹೊತ್ತನ್ನು ನಿಮ್ಮ ಕೈಗಡಿಯಾರದ ಮೇಲೆ ಬೆರಳಿಟ್ಟು ತೋರಿಸಿ ಖಚಿತಪಡಿಸಿಕೊಳ್ಳಿ. ಎರಡು ಮೂರು ದಿನ ಉಳಿದಿದ್ದರೆ ಮಾತ್ರ ನೇರ ದಾರ್‌ಗೆ ಹೋಗದೆ, ಟಾಂಗಾ ಕಡೆಯ ಬಸ್ಸು ಹಿಡಿದು ಮುಹೆಜಾದಲ್ಲಿ ಇಳಿದು ಪೂರ್ವ ಉಸಾಂಬರಾದ ಅಮಾನಿ ರಕ್ಷಿತಾರಣ್ಯಕ್ಕೆ ಹತ್ತಿ. ನಮ್ಮ ಮನೆಗಳ ಕಿಟಕಿಯಲ್ಲಿ ಕುಂಡದಲ್ಲಿ ಬೆಳೆಯುವ ಆಫ್ರಿಕನ್ ವಯಲೆಟ್‌ನ ತವರು ಈ ಕಡೆಯ ನೆರಳಿನ ಬಂಡೆಗಳು. 1892ರಲ್ಲಿ ಜರ್ಮನ್ ಅಧಿಕಾರಿ ಸೇಂಟ್ ಪಾಲ್ ಇಲೇರ್ ಅದನ್ನು ಕಂಡು ಬೀಜವನ್ನು ತಂದೆಗೆ ಕಳುಹಿಸಿದ್ದ. ಅಮಾನಿಗೆ ಬಸ್ಸುಗಳು ಕಡಿಮೆ, ಆದ್ದರಿಂದ ಮುಹೆಜಾವನ್ನು ಮಧ್ಯಾಹ್ನದೊಳಗೆ ತಲುಪುವಂತೆ ಹೊರಡಿ.